ರೈತನ ಸಾಲದ ಲೆಕ್ಕ ತೆಗೆಸಿದ ಗವರ್ನರ್: ಬೆನಗಲ್ ರಾಮರಾವ್



ಮುಂಗಾರು ಹತ್ತಿರ ಬಂದಂತೆ ನೀವು ಪಹಣಿ ಹಿಡಿದು ಊರಿನ ಸಹಕಾರ ಸಂಘಕ್ಕೆ ಹೋಗುತ್ತೀರಿ. ಹಿಡುವಳಿ ಎಷ್ಟು, ಈ ವರ್ಷ ಯಾವ ಬೆಳೆ ಇಡುತ್ತೀರಿ ಎಂದು ಕಾರ್ಯದರ್ಶಿಗಳು ಕೇಳುತ್ತಾರೆ. ಎಕರೆಗೆ ಇಷ್ಟು ಎಂದು ಲೆಕ್ಕ ಹಾಕಿ ಅರ್ಜಿ ಬರೆದುಕೊಳ್ಳುತ್ತಾರೆ. ಸಂಘಕ್ಕೆ ಹಣ ಬರುವುದು ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕಿನಿಂದ. ಅದಕ್ಕೆ ಬೆಂಬಲ ರಾಜ್ಯದ ಅಪೆಕ್ಸ್ ಬ್ಯಾಂಕು. ಅಪೆಕ್ಸ್ ಬ್ಯಾಂಕಿನ ಬೆನ್ನಿಗೆ ನಬಾರ್ಡ್. ನಬಾರ್ಡ್ ಹುಟ್ಟುವ ಮೊದಲು ಆ ಸ್ಥಾನದಲ್ಲಿ ಇದ್ದದ್ದು ರಿಸರ್ವ್ ಬ್ಯಾಂಕು.

ಈ ಸರಪಣಿ ತಾನಾಗಿಯೇ ಬೆಳೆದದ್ದಲ್ಲ. ದೇಶದ ನೋಟು ಅಚ್ಚು ಹಾಕಿಸುವ ಬ್ಯಾಂಕು ಹಳ್ಳಿಯ ರೈತನ ಸಾಲದ ಬಗ್ಗೆ ಏಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಕೇಳುವವರು ಒಂದು ಕಾಲದಲ್ಲಿ ಬಹಳ ಮಂದಿ ಇದ್ದರು. ಆ ಪ್ರಶ್ನೆಗೆ ಅಂಕಿ ಅಂಶಗಳ ಸಮೇತ ಉತ್ತರ ಕೊಟ್ಟ ಕೆಲಸ ನಡೆದದ್ದು 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಸರ್ ಬೆನಗಲ್ ರಾಮರಾವ್ ಅವರ ಕಾಲದಲ್ಲಿ. ಅವರು ನಮ್ಮ ದಕ್ಷಿಣ ಕನ್ನಡದ ಮನೆತನದವರು. ಅವರ ಜೀವನವನ್ನೂ ಅವರ ಕಾಲದ ಕೆಲಸವು ನಿಮ್ಮ ಸಾಲದ ಪುಸ್ತಕದವರೆಗೆ ಹೇಗೆ ಬಂದು ಮುಟ್ಟಿತು ಎಂಬುದನ್ನೂ ಈ ಲೇಖನದಲ್ಲಿ ನೋಡೋಣ.

ಮನೆತನ ಮತ್ತು ಸೇವೆ

ರಾಮರಾಯರು ಹುಟ್ಟಿದ್ದು 1889ರಲ್ಲಿ, ದಕ್ಷಿಣ ಕನ್ನಡದ ವಿದ್ಯಾವಂತ ಸಾರಸ್ವತ ಕುಟುಂಬವೊಂದರಲ್ಲಿ. ತಂದೆ ವೈದ್ಯರು. ಅಣ್ಣ ಬೆನಗಲ್ ನರಸಿಂಗರಾಯರು ನಮ್ಮ ಸಂವಿಧಾನ ರಚನೆಯಾಗುವಾಗ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದವರು. ಇನ್ನೊಬ್ಬ ಸಹೋದರ ಬಿ. ಶಿವರಾಯರು ಹೆಸರಾಂತ ಪತ್ರಕರ್ತರು. ಹೆಂಡತಿ ಧನ್ವಂತಿ ರಾಮರಾವ್ ಭಾರತದಲ್ಲಿ ಕುಟುಂಬ ಯೋಜನೆಯ ಚಳವಳಿಯನ್ನು ಕಟ್ಟಿದವರಲ್ಲಿ ಪ್ರಮುಖರು. ಮಗಳು ಶಾಂತಾ ರಾಮರಾವ್ ಇಂಗ್ಲಿಷ್ ಲೇಖಕಿಯಾಗಿ ಪ್ರಸಿದ್ಧರಾದರು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ನಂತರ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿಯೂ ಓದಿ ಅವರು ಐ.ಸಿ.ಎಸ್. ಸೇವೆಗೆ ಸೇರಿದರು. ದಕ್ಷಿಣ ಆಫ್ರಿಕದಲ್ಲಿ ಭಾರತದ ಪ್ರತಿನಿಧಿಯಾಗಿ, ಮುಂಬಯಿ ಬಂದರು ಟ್ರಸ್ಟಿನ ಅಧ್ಯಕ್ಷರಾಗಿ, ಸ್ವಾತಂತ್ರ್ಯ ಬಂದ ಮೇಲೆ ಜಪಾನಿನಲ್ಲಿ ಮತ್ತು ಅಮೆರಿಕದಲ್ಲಿ ನಮ್ಮ ರಾಯಭಾರಿಯಾಗಿ ಕೆಲಸ ಮಾಡಿದರು. 1949ರ ಜುಲೈ 1ರಂದು ಸಿ. ಡಿ. ದೇಶಮುಖರಿಂದ ರಿಸರ್ವ್ ಬ್ಯಾಂಕಿನ ಅಧಿಕಾರ ವಹಿಸಿಕೊಂಡರು. ಏಳೂವರೆ ವರ್ಷ ಆ ಸ್ಥಾನದಲ್ಲಿದ್ದರು. ಅಷ್ಟು ದೀರ್ಘ ಕಾಲ ಇದ್ದ ಗವರ್ನರ್ ಅವರ ಮೊದಲೂ ಇರಲಿಲ್ಲ, ನಂತರವೂ ಬರಲಿಲ್ಲ.

ಇಂಥ ಹಿನ್ನೆಲೆಯವರಿಗೆ ಹಳ್ಳಿಯ ಸಾಹುಕಾರನ ಜಗಲಿ ಪರಿಚಿತ ಜಾಗವೇನೂ ಆಗಿರಲಿಲ್ಲ. ಆದರೂ ಅವರ ಅವಧಿಯ ಅತಿ ದೊಡ್ಡ ಕೆಲಸ ಆ ಜಗಲಿಗೆ ಸಂಬಂಧಿಸಿದ್ದೇ ಆಯಿತು.

ಐವತ್ತು ವರ್ಷದ ಸಹಕಾರ, ಕೈಗೆ ಬಂದದ್ದೆಷ್ಟು?

ನಮ್ಮ ದೇಶದಲ್ಲಿ ಸಹಕಾರ ಸಂಘಗಳ ಕಾನೂನು ಬಂದದ್ದು 1904ರಲ್ಲಿ. ಮರುವರ್ಷವೇ, ಅಂದರೆ 1905ರಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ದೇಶದ ಮೊದಲ ಕೃಷಿ ಸಹಕಾರ ಸಂಘವೆಂಬ ಕೀರ್ತಿ ಆ ಊರಿನದು. ಮುಂದೆ ಸಾವಿರಾರು ಹಳ್ಳಿಗಳಲ್ಲಿ ಸಂಘಗಳು ಹುಟ್ಟಿದವು. 1935ರಲ್ಲಿ ರಿಸರ್ವ್ ಬ್ಯಾಂಕು ಕೆಲಸ ಆರಂಭಿಸಿದಾಗ ಅದರ ಕಾನೂನಿನಲ್ಲಿಯೇ ಕೃಷಿ ಸಾಲದ ಒಂದು ಪ್ರತ್ಯೇಕ ಇಲಾಖೆ ಇರಬೇಕೆಂದು ಬರೆಯಲಾಗಿತ್ತು. ಇಲಾಖೆ ಇತ್ತು, ವರದಿಗಳೂ ಬರುತ್ತಿದ್ದವು. ಆದರೆ ಹಣ ಮಾತ್ರ ಹೊಲದವರೆಗೆ ಹರಿಯುತ್ತಿರಲಿಲ್ಲ.

ಹಾಗಾದರೆ ರೈತ ಎಲ್ಲಿಂದ ಸಾಲ ತರುತ್ತಿದ್ದಾನೆ? ಎಷ್ಟು ತರುತ್ತಿದ್ದಾನೆ? ಯಾವ ಕೆಲಸಕ್ಕೆ ತರುತ್ತಿದ್ದಾನೆ? ಇಡೀ ದೇಶಕ್ಕೆ ಅನ್ವಯಿಸುವ ಖಚಿತ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. 1951ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ಗ್ರಾಮೀಣ ಹಣಕಾಸಿನ ವಿಷಯ ಬಲ್ಲವರನ್ನು ಕರೆದು ಸಮಾಲೋಚನೆ ನಡೆಸಿತು. ಅದೇ ವರ್ಷ ರಾಮರಾಯರು ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಗಾಗಿ ಒಂದು ನಿರ್ದೇಶನ ಸಮಿತಿಯನ್ನು ನೇಮಿಸಿದರು. ಎ. ಡಿ. ಗೋರವಾಲಾ ಅಧ್ಯಕ್ಷರು. ಅರ್ಥಶಾಸ್ತ್ರಜ್ಞ ಡಿ. ಆರ್. ಗಾಡ್ಗೀಳ್, ಬಿ. ವೆಂಕಟಪ್ಪಯ್ಯ ಮತ್ತು ಎನ್. ಎಸ್. ಆರ್. ಶಾಸ್ತ್ರಿ ಸದಸ್ಯರು.

ಸಮೀಕ್ಷೆಗೆ 75 ಜಿಲ್ಲೆಗಳನ್ನು ಆರಿಸಿದರು. ಜಿಲ್ಲೆಗೆ ಎಂಟರಂತೆ 600 ಹಳ್ಳಿಗಳು. ಅವುಗಳಲ್ಲಿದ್ದ 1,27,343 ಕುಟುಂಬಗಳ ವಿವರ ಸಂಗ್ರಹಿಸಲಾಯಿತು. ರೈತನ ಸಾಲದ ಬಗ್ಗೆ ಅಷ್ಟು ವಿಸ್ತಾರವಾದ ಸಮೀಕ್ಷೆ ಅದಕ್ಕೆ ಮೊದಲು ನಮ್ಮಲ್ಲಿ ನಡೆದಿರಲಿಲ್ಲ. ವರದಿ 1954ರಲ್ಲಿ ಹೊರಬಂದಿತು.

ಸಮೀಕ್ಷೆ ಕಂಡ ಸತ್ಯ

1951–52ರಲ್ಲಿ ಒಬ್ಬ ರೈತ ನೂರು ರೂಪಾಯಿ ಸಾಲ ಮಾಡಿದರೆ ಅದು ಎಲ್ಲೆಲ್ಲಿಂದ ಬರುತ್ತಿತ್ತು ಎಂಬ ಲೆಕ್ಕ ಹೀಗಿತ್ತು:

ವೃತ್ತಿಯ ಲೇವಾದೇವಿದಾರರಿಂದ – ಶೇ. 44.8
ಬೇಸಾಯದ ಜೊತೆಗೆ ಬಡ್ಡಿ ವ್ಯವಹಾರ ಮಾಡುವವರಿಂದ – ಶೇ. 24.9
ನೆಂಟರಿಷ್ಟರಿಂದ – ಶೇ. 14.2
ವರ್ತಕರು ಮತ್ತು ಮಂಡಿ ದಲ್ಲಾಳಿಗಳಿಂದ – ಶೇ. 5.5
ಸರ್ಕಾರದಿಂದ – ಶೇ. 3.3
ಸಹಕಾರ ಸಂಘಗಳಿಂದ – ಶೇ. 3.1
ಜಮೀನುದಾರರಿಂದ – ಶೇ. 1.5
ವಾಣಿಜ್ಯ ಬ್ಯಾಂಕುಗಳಿಂದ – ಶೇ. 0.9
ಇತರರಿಂದ – ಶೇ. 1.8

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಎರಡು ಬಗೆಯ ಲೇವಾದೇವಿದಾರರು ಸೇರಿ ನೂರಕ್ಕೆ ಸುಮಾರು 70 ಕೊಡುತ್ತಿದ್ದರು. ಸರ್ಕಾರ, ಸಹಕಾರ ಸಂಘ, ಬ್ಯಾಂಕು ಈ ಮೂರೂ ಸೇರಿ ಕೊಡುತ್ತಿದ್ದದ್ದು 7.3 ಮಾತ್ರ. ಕಣಗಿನಹಾಳದಲ್ಲಿ ದೀಪ ಹಚ್ಚಿ ಅರ್ಧ ಶತಮಾನ ಆಗುತ್ತ ಬಂದಿದ್ದರೂ ಸಹಕಾರದ ಪಾಲು ನೂರಕ್ಕೆ ಮೂರು. ಅದರಲ್ಲಿಯೂ ಹೆಚ್ಚಿನದು ದೊಡ್ಡ ಹಿಡುವಳಿಯವರ ಕೈ ಸೇರುತ್ತಿತ್ತು. ಸಣ್ಣ ರೈತ ಸಂಘದ ಬಾಗಿಲಿಗೆ ಬಂದರೂ ಬರಿಗೈಯಲ್ಲಿ ಹಿಂದಿರುಗುತ್ತಿದ್ದ.

ಏಕೆ ಹೀಗಾಯಿತು? ಸಾಹುಕಾರನಿಗೆ ರೈತ ಗೊತ್ತು, ರೈತನಿಗೆ ಸಾಹುಕಾರ ಗೊತ್ತು. ರಾತ್ರಿ ಬಾಗಿಲು ತಟ್ಟಿದರೂ ಹಣ ಸಿಗುತ್ತಿತ್ತು. ಮದುವೆಗೂ ಸಿಗುತ್ತಿತ್ತು, ಎತ್ತು ಕೊಳ್ಳುವುದಕ್ಕೂ ಸಿಗುತ್ತಿತ್ತು. ಬಡ್ಡಿಯ ಮಾತು ಆಮೇಲೆ. ಬೆಳೆ ಬಂದಾಗ ಅದೇ ಸಾಹುಕಾರ ಅಥವಾ ಅವನ ಬಳಗದ ವರ್ತಕ ತಾನು ಹೇಳಿದ ಬೆಲೆಗೆ ಕಣದಿಂದಲೇ ಧಾನ್ಯ ಎತ್ತಿಕೊಂಡು ಹೋಗುತ್ತಿದ್ದ. ಸಂಘದ ಕಡೆ ನೋಡಿದರೆ ಬಂಡವಾಳ ಕಡಿಮೆ, ತರಬೇತಿ ಪಡೆದ ಕಾರ್ಯದರ್ಶಿ ಇಲ್ಲ, ಜಮೀನಿನ ಅಡಮಾನವಿಲ್ಲದೆ ಸಾಲವಿಲ್ಲ, ಮಂಜೂರಾಗುವ ಹೊತ್ತಿಗೆ ಬಿತ್ತನೆಯ ಹದ ಮುಗಿದಿರುತ್ತಿತ್ತು. ಹಣ, ವ್ಯಾಪಾರ ಎರಡೂ ಒಂದೇ ಕೈಯಲ್ಲಿದ್ದ ಬಲಶಾಲಿಯ ಎದುರು ಇಂಥ ಬಡ ಸಂಘ ನಿಲ್ಲಲಾರದು ಎಂಬುದನ್ನು ಸಮಿತಿ ಮುಚ್ಚುಮರೆಯಿಲ್ಲದೆ ಹೇಳಿತು. ಸಹಕಾರ ಸೋತಿದೆ ಎಂದು ಒಪ್ಪಿಕೊಂಡಿತು. ಆದರೆ ರೈತನಿಗೆ ಬೇರೆ ದಾರಿ ಇಲ್ಲವಾದ್ದರಿಂದ ಅದನ್ನು ಗೆಲ್ಲಿಸಲೇಬೇಕು ಎಂದೂ ಹೇಳಿತು.

ಸಮಿತಿ ಸೂಚಿಸಿದ ಮದ್ದು

ಸಮಿತಿಯ ಸಲಹೆಗಳನ್ನು ನಾಲ್ಕು ಭಾಗ ಮಾಡಿ ಹೇಳಬಹುದು.

ಮೊದಲನೆಯದು, ಸಂಘದಿಂದ ಹಿಡಿದು ರಾಜ್ಯ ಮಟ್ಟದ ಬ್ಯಾಂಕಿನವರೆಗೆ ಎಲ್ಲ ಹಂತಗಳಲ್ಲಿ ಸರ್ಕಾರ ಷೇರು ಹಾಕಿ ಪಾಲುದಾರನಾಗಬೇಕು. ಇದರಿಂದ ಬಂಡವಾಳ ಬೆಳೆಯುತ್ತದೆ, ಸಾಲ ಎತ್ತುವ ಶಕ್ತಿ ಹೆಚ್ಚುತ್ತದೆ.

ಎರಡನೆಯದು, ಸಾಲವನ್ನು ಜಮೀನಿನ ಬೆಲೆ ನೋಡಿ ಕೊಡದೆ ಬೆಳೆಯ ಅಗತ್ಯ ನೋಡಿ ಕೊಡಬೇಕು. ಬರಲಿರುವ ಬೆಳೆಯೇ ಸಾಲಕ್ಕೆ ಆಧಾರ. ಒಂದು ಭಾಗವನ್ನು ಬೀಜ ಗೊಬ್ಬರದ ರೂಪದಲ್ಲಿ ಕೊಡಬಹುದು. ನೀವು ಇಂದು ಪಡೆಯುವ ಬೆಳೆ ಸಾಲದ ತಿರುಳು ಇದೇ.

ಮೂರನೆಯದು, ಸಾಲವನ್ನು ಮಾರಾಟಕ್ಕೆ ಜೋಡಿಸಬೇಕು. ಸಂಘ ಕೊಟ್ಟ ಸಾಲದಲ್ಲಿ ಬೆಳೆದದ್ದನ್ನು ಮಾರಾಟ ಸಹಕಾರ ಸಂಘದ ಮೂಲಕ ಮಾರಿ, ಬಂದ ಹಣದಲ್ಲಿ ಸಾಲ ಮುರಿದುಕೊಂಡು ಉಳಿದದ್ದನ್ನು ರೈತನ ಕೈಗೆ ಕೊಡಬೇಕು. 1923ರಷ್ಟು ಹಿಂದೆಯೇ ಶಿರಸಿಯಲ್ಲಿ ತೋಟಗರ್ಸ್ ಮಾರಾಟ ಸಹಕಾರ ಸಂಘವನ್ನು ಕಟ್ಟಿದ ಅಡಿಕೆ ಬೆಳೆಗಾರರಿಗೆ ಮಾರಾಟದಲ್ಲಿ ಒಂದಾಗುವ ಬಲ ಏನೆಂಬುದು ಹೊಸದಾಗಿರಲಿಲ್ಲ. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹ ಅದೇ ದಾರಿಯಲ್ಲಿ ನಡೆಯಿತು.

ನಾಲ್ಕನೆಯದು, ಉಗ್ರಾಣಗಳು. ಸುಗ್ಗಿಯಲ್ಲಿ ಬೆಲೆ ಬಿದ್ದಾಗ ಮಾರದೆ ಉಗ್ರಾಣದಲ್ಲಿಟ್ಟು, ಅಲ್ಲಿ ಕೊಡುವ ರಸೀದಿಯ ಮೇಲೆ ಸಾಲ ಪಡೆದು, ಬೆಲೆ ಏರಿದಾಗ ಮಾರುವ ಅನುಕೂಲ ರೈತನಿಗೆ ಇರಬೇಕು.

ಇವುಗಳ ಜೊತೆಗೆ, ಪಟ್ಟಣಗಳ ದೊಡ್ಡ ವ್ಯಾಪಾರಕ್ಕೆ ಒಗ್ಗಿಹೋಗಿದ್ದ ಇಂಪೀರಿಯಲ್ ಬ್ಯಾಂಕನ್ನು ರಾಷ್ಟ್ರದ ಬ್ಯಾಂಕಾಗಿ ಮಾಡಿ ತಾಲ್ಲೂಕು ಸ್ಥಳಗಳಿಗೆ ಕಳುಹಿಸಬೇಕೆಂದೂ ಸಮಿತಿ ಸಲಹೆ ಮಾಡಿತು.

ವರದಿ ಕಪಾಟು ಸೇರಲಿಲ್ಲ

ಎಷ್ಟೋ ವರದಿಗಳು ಕಪಾಟಿನಲ್ಲಿ ಧೂಳು ತಿನ್ನುತ್ತವೆ. ಈ ವರದಿಗೆ ಆ ಗತಿ ಬರಲಿಲ್ಲ. 1955ರ ಜುಲೈ 1ರಂದು ಇಂಪೀರಿಯಲ್ ಬ್ಯಾಂಕು ಭಾರತೀಯ ಸ್ಟೇಟ್ ಬ್ಯಾಂಕಾಯಿತು. ಐದು ವರ್ಷದಲ್ಲಿ 400 ಹೊಸ ಶಾಖೆಗಳನ್ನು ತೆರೆಯಬೇಕೆಂಬ ಹೊಣೆಯನ್ನು ಕಾನೂನೇ ಅದಕ್ಕೆ ಹೊರಿಸಿತು. ಬ್ಯಾಂಕು ಅದನ್ನು ಪೂರೈಸಿತು.

1955ರಲ್ಲಿ ರಿಸರ್ವ್ ಬ್ಯಾಂಕಿನ ಕಾನೂನಿಗೆ ತಿದ್ದುಪಡಿ ತಂದು, 1956ರಲ್ಲಿ ಎರಡು ನಿಧಿಗಳನ್ನು ಸ್ಥಾಪಿಸಲಾಯಿತು. ಒಂದು, 10 ಕೋಟಿ ರೂಪಾಯಿಯಿಂದ ಆರಂಭವಾದ ರಾಷ್ಟ್ರೀಯ ಕೃಷಿ ಸಾಲ ದೀರ್ಘಾವಧಿ ನಿಧಿ. ಸಂಘಗಳಲ್ಲಿ ಷೇರು ಹಾಕಲು ರಾಜ್ಯ ಸರ್ಕಾರಗಳಿಗೂ, ಬಾವಿ, ಭೂಸುಧಾರಣೆ ಮುಂತಾದ ಕೆಲಸಗಳಿಗೆ ಸಾಲ ಕೊಡುವ ಭೂ ಅಡಮಾನ ಬ್ಯಾಂಕುಗಳಿಗೂ ಇದರಿಂದ ಹಣ ಹೋಗಬೇಕು. ಇನ್ನೊಂದು, ಸ್ಥಿರೀಕರಣ ನಿಧಿ. ಬರ ಅಥವಾ ನೆರೆಯಿಂದ ಬೆಳೆ ಹೋದಾಗ ರೈತ ಬೆಳೆ ಸಾಲ ತೀರಿಸಲಾರ. ರೈತ ತೀರಿಸದಿದ್ದರೆ ಸಂಘ ಸುಸ್ತಿಯಾಗುತ್ತದೆ. ಸಂಘ ಸುಸ್ತಿಯಾದರೆ ಮುಂದಿನ ವರ್ಷ ಊರಿಗೇ ಸಾಲವಿಲ್ಲ. ಈ ಸರಪಣಿ ಕಡಿಯಬಾರದೆಂದು ಅಲ್ಪಾವಧಿ ಸಾಲವನ್ನು ಮಧ್ಯಮಾವಧಿಗೆ ಪರಿವರ್ತಿಸಿ, ಕಂತುಗಳಲ್ಲಿ ತೀರಿಸಲು ಅವಕಾಶ ಕೊಡುವುದು ಆ ನಿಧಿಯ ಉದ್ದೇಶ. ಬರದ ವರ್ಷ ನಿಮ್ಮ ಸಾಲದ ಅವಧಿ ವಿಸ್ತರಣೆಯಾಗಿದ್ದರೆ ಅದರ ಬೇರು ಇಲ್ಲಿದೆ.

ಸಮೀಕ್ಷೆಯ ವರದಿ ಬರುವ ಮೊದಲೇ ಇನ್ನೆರಡು ಕೆಲಸಗಳು ನಡೆದಿದ್ದವು. ಬೇಸಾಯದ ಕೆಲಸಕ್ಕೆ ರಿಸರ್ವ್ ಬ್ಯಾಂಕು ಕೊಡುವ ಹಣದ ವಾಯಿದೆ ಒಂಬತ್ತು ತಿಂಗಳಿದ್ದದ್ದು 1951ರಲ್ಲಿ ಹದಿನೈದು ತಿಂಗಳಾಯಿತು. ಕಬ್ಬಿನಂಥ ಬೆಳೆ ಒಂಬತ್ತು ತಿಂಗಳಲ್ಲಿ ಕೈಗೆ ಬರುವುದಿಲ್ಲವೆಂದು ಬೆಳೆಗಾರರಾದ ನಿಮಗೆ ಹೇಳಬೇಕಾಗಿಲ್ಲ. ಅಲ್ಲದೆ ಬ್ಯಾಂಕ್ ದರಕ್ಕಿಂತ ಶೇ. 2 ಕಡಿಮೆ ಬಡ್ಡಿಗೆ ಸಹಕಾರ ಬ್ಯಾಂಕುಗಳಿಗೆ ಹಣ ಸಿಗತೊಡಗಿತು.

1957ರಲ್ಲಿ ಕೇಂದ್ರ ಉಗ್ರಾಣ ನಿಗಮವೂ ನಮ್ಮ ರಾಜ್ಯದ ಉಗ್ರಾಣ ನಿಗಮವೂ ಸ್ಥಾಪನೆಯಾದವು. ಪ್ರಾಥಮಿಕ ಸಂಘಗಳು ದೇಶದಲ್ಲಿ ಸದಸ್ಯರಿಗೆ ಕೊಟ್ಟ ಸಾಲ 1950–51ರಲ್ಲಿ ಸುಮಾರು 23 ಕೋಟಿ ರೂಪಾಯಿ ಇದ್ದದ್ದು 1960–61ರ ಹೊತ್ತಿಗೆ ಸುಮಾರು 200 ಕೋಟಿಗೆ ಏರಿತು.

ಇದೆಲ್ಲವೂ ಒಬ್ಬರ ಕೈಯ ಕೆಲಸವೆಂದು ಹೇಳಿದರೆ ತಪ್ಪಾಗುತ್ತದೆ. ಸಮಿತಿಯವರು ದುಡಿದರು, ಅಂದಿನ ಹಣಕಾಸು ಸಚಿವ ದೇಶಮುಖರ ಬೆಂಬಲ ಇತ್ತು, ಸಂಸತ್ತು ಕಾನೂನು ಮಾಡಿತು. ಆದರೆ ಲೆಕ್ಕ ತೆಗೆಸಬೇಕು, ಅದು ಕಹಿಯಾಗಿದ್ದರೂ ಪ್ರಕಟಿಸಬೇಕು, ಅದರಂತೆ ತನ್ನ ಬ್ಯಾಂಕೇ ಬದಲಾಗಬೇಕು ಎಂಬ ದಾರಿಯಲ್ಲಿ ರಿಸರ್ವ್ ಬ್ಯಾಂಕನ್ನು ನಡೆಸಿದ ಹೊಣೆ ಗವರ್ನರ್ ಅವರದು.

ಅಧಿಕಾರ ಬಿಟ್ಟು ಬಂದ ಸಂದರ್ಭ

1956ರಲ್ಲಿ ದೇಶಮುಖರ ನಂತರ ಟಿ. ಟಿ. ಕೃಷ್ಣಮಾಚಾರಿ ಹಣಕಾಸು ಸಚಿವರಾದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಅವರು ಹುಂಡಿಗಳ ಮೇಲಿನ ಸ್ಟಾಂಪು ಶುಲ್ಕವನ್ನು ಏರಿಸುವ ಪ್ರಸ್ತಾಪ ತಂದರು. ಹೆಸರಿಗೆ ಅದು ತೆರಿಗೆ. ಫಲ ಮಾತ್ರ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಪಡೆಯುವ ಹಣದ ಬಡ್ಡಿಯನ್ನು ಅರ್ಧ ಶೇಕಡದಷ್ಟು ಏರಿಸಿದಂತೆ. ಬಡ್ಡಿ ದರ ನಿಗದಿ ಮಾಡುವುದು ಕಾನೂನಿನ ಪ್ರಕಾರ ರಿಸರ್ವ್ ಬ್ಯಾಂಕಿನ ಕೆಲಸ. ಅದನ್ನು ತೆರಿಗೆಯ ಹೆಸರಿನಲ್ಲಿ ಸರ್ಕಾರ ಮಾಡಿದರೆ ಬ್ಯಾಂಕಿನ ಅಧಿಕಾರಕ್ಕೆ ಅರ್ಥವೇನು ಎಂಬುದು ರಾಮರಾಯರ ಆಕ್ಷೇಪಣೆ. ಬ್ಯಾಂಕಿನ ಕೇಂದ್ರ ಮಂಡಳಿ ಅವರ ಪರವಾಗಿ ನಿರ್ಣಯ ಮಾಡಿತು. ರಿಸರ್ವ್ ಬ್ಯಾಂಕು ಹಣಕಾಸು ಇಲಾಖೆಯ ಒಂದು ಭಾಗ ಮಾತ್ರ ಎಂಬುದು ಸಚಿವರ ನಿಲುವು. ಪ್ರಧಾನಿ ನೆಹರೂ ಸಚಿವರ ಕಡೆ ನಿಂತರು. 1957ರ ಜನವರಿ ಮಧ್ಯದಲ್ಲಿ ರಾಮರಾಯರು ರಾಜೀನಾಮೆ ಕೊಟ್ಟು ಹೊರಬಂದರು.

ಅದೇ ವರ್ಷದ ಮೇ ತಿಂಗಳಲ್ಲಿ ಬ್ಯಾಂಕ್ ದರವನ್ನೇ ಶೇ. 3.5ರಿಂದ 4ಕ್ಕೆ ಏರಿಸಿ, ಸ್ಟಾಂಪು ಶುಲ್ಕವನ್ನು ಹಿಂದಿನ ಮಟ್ಟಕ್ಕೆ ಇಳಿಸಲಾಯಿತು. ಅಂದರೆ ಬಡ್ಡಿ ಏರಿದ್ದು ಏರಿಯೇ ಉಳಿಯಿತು, ಆದರೆ ಏರಿಸುವ ಕ್ರಮ ರಾಮರಾಯರು ಹೇಳಿದ ದಾರಿಗೆ ಬಂದಿತು.

ದಿಲ್ಲಿ ಮುಂಬಯಿಯ ಈ ಜಗಳದಿಂದ ನಮಗೇನು ಎಂದು ನೀವು ಕೇಳಬಹುದು. ಸಂಘದಲ್ಲಿಯೂ ಇದೇ ಪ್ರಶ್ನೆ ಬರುತ್ತದೆ. ಹಣ ಕೊಡುವ ಸರ್ಕಾರ ಎಲ್ಲಿಯವರೆಗೆ ಕೈಹಾಕಬಹುದು? ಲೆಕ್ಕ ನೋಡುವವನಿಗೆ ಇಲ್ಲ ಎಂದು ಹೇಳುವ ಸ್ವಾತಂತ್ರ್ಯ ಇರಬೇಕೆ, ಬೇಡವೆ? ಈ ಪ್ರಶ್ನೆಗಳು ಇಂದಿಗೂ ಮುಗಿದಿಲ್ಲ.

ಉಳಿದದ್ದು ಏನು, ಕೆಟ್ಟದ್ದು ಏನು

ರಾಮರಾಯರು 1969ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅದಕ್ಕೆ ಐದು ತಿಂಗಳ ಮುಂಚೆ 14 ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣವಾಗಿದ್ದವು. ಅವರ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು ಅವುಗಳಲ್ಲಿ ಸೇರಿದ್ದವು. 1975ರಲ್ಲಿ ಗ್ರಾಮೀಣ ಬ್ಯಾಂಕುಗಳು ಬಂದವು. 1982ರ ಜುಲೈ 12ರಂದು ನಬಾರ್ಡ್ ಸ್ಥಾಪನೆಯಾಗಿ ರಿಸರ್ವ್ ಬ್ಯಾಂಕಿನ ಕೃಷಿ ಸಾಲದ ಕೆಲಸವೂ ಆ ಎರಡು ನಿಧಿಗಳೂ ಅದಕ್ಕೆ ವರ್ಗವಾದವು. ರೈತರ ಸಾಲದಲ್ಲಿ ಸಂಸ್ಥೆಗಳ ಪಾಲು 1951ರಲ್ಲಿ ಶೇ. 7.3 ಇದ್ದದ್ದು 1971ರಲ್ಲಿ ಶೇ. 31.7, 1981ರಲ್ಲಿ ಶೇ. 63.2 ಆಯಿತು. 2019ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಕೃಷಿ ಕುಟುಂಬಗಳ ಬಾಕಿ ಸಾಲದಲ್ಲಿ ಇದು ಸುಮಾರು ಶೇ. 70. ಅಂದು ಲೇವಾದೇವಿದಾರನ ಪಾಲು ಎಷ್ಟಿತ್ತೋ ಇಂದು ಸಂಸ್ಥೆಗಳ ಪಾಲು ಹೆಚ್ಚು ಕಡಿಮೆ ಅಷ್ಟಾಗಿದೆ.

ಇದು ಒಳ್ಳೆಯ ಮುಖ. ಇನ್ನೊಂದು ಮುಖವನ್ನೂ ನೋಡಬೇಕು. ಸಂಘಕ್ಕೆ ಬಲ ಬರಲೆಂದು ಸರ್ಕಾರ ಷೇರು ಹಾಕಿತು. ಷೇರಿನ ಹಿಂದೆ ಹಿಡಿತವೂ ಬಂದಿತು. ಎಷ್ಟೋ ಕಡೆ ಚುನಾಯಿತ ಆಡಳಿತ ಮಂಡಳಿಗಳನ್ನು ವಜಾ ಮಾಡಿ ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು. ಸಂಘ ನಮ್ಮದು ಎಂಬ ಭಾವನೆ ಹೋಗಿ, ಅದು ಸರ್ಕಾರದ್ದು, ಸಾಲವೂ ಸರ್ಕಾರದ್ದು, ಎಂದಾದರೂ ಮನ್ನಾ ಆಗುತ್ತದೆ ಎಂಬ ಭಾವನೆ ಬೆಳೆಯಿತು. ಸುಸ್ತಿ ಏರಿತು. ಸಹಕಾರ ಪತ್ತಿನ ಸ್ಥಿತಿ ಪರಿಶೀಲಿಸಿ 2005ರಲ್ಲಿ ವರದಿ ಕೊಟ್ಟ ವೈದ್ಯನಾಥನ್ ಸಮಿತಿ ಸರ್ಕಾರದ ಷೇರನ್ನೂ ಹಸ್ತಕ್ಷೇಪವನ್ನೂ ತಗ್ಗಿಸಬೇಕೆಂದಿತು. 1954ರ ಸಮಿತಿ ಮದ್ದೆಂದು ಕೊಟ್ಟದ್ದೇ ಪ್ರಮಾಣ ಮೀರಿ ರೋಗವಾಯಿತು ಎನ್ನಬಹುದು.

ಗೇಣಿಗೆ ಮಾಡುವ ರೈತನ ಪಾಡೂ ಪೂರ್ತಿ ಸುಧಾರಿಸಿಲ್ಲ. ಬೆಳೆ ನೋಡಿ ಸಾಲ ಕೊಡಿ ಎಂದು ಹೇಳಿ ಎಪ್ಪತ್ತು ವರ್ಷವಾಯಿತು. ಪಹಣಿಯಲ್ಲಿ ಹೆಸರಿಲ್ಲದವನು ಇಂದಿಗೂ ಕೈಸಾಲಕ್ಕೆ ಓಡಾಡಬೇಕಾಗಿದೆ. ಉಳಿದ ಆ ಮೂವತ್ತು ಪಾಲಿನಲ್ಲಿ ಇಂಥವರ ಸಾಲವೂ ಇದೆ.

ನೀವು ಮಾಡಬೇಕಾದದ್ದು

ದೊಡ್ಡವರ ಜೀವನ ಓದಿ ಕೈ ಮುಗಿದರೆ ಸಾಲದು. ಈ ಕಥೆಯಿಂದ ನೀವು ಆಚರಣೆಗೆ ತರಬಹುದಾದ ನಾಲ್ಕು ಮಾತುಗಳಿವೆ.

1. ನಿಮ್ಮ ಮನೆಯಲ್ಲಿಯೇ ಒಂದು ಸಾಲ ಸಮೀಕ್ಷೆ ಮಾಡಿ. ಸಂಘ, ಬ್ಯಾಂಕು, ಮಂಡಿ, ನೆಂಟರು, ಕೈಸಾಲ, ಸ್ತ್ರೀ ಸಂಘ ಇವುಗಳಲ್ಲಿ ಯಾರಿಗೆ ಎಷ್ಟು ಬಾಕಿ, ಬಡ್ಡಿ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸಿ.

2. ಬರ ಅಥವಾ ನೆರೆ ಬಂದು ಸರ್ಕಾರ ಘೋಷಣೆ ಮಾಡಿದ ಕೂಡಲೆ ಸಂಘಕ್ಕೋ ಬ್ಯಾಂಕಿಗೋ ಹೋಗಿ ಸಾಲದ ಪರಿವರ್ತನೆಗೆ ಲಿಖಿತ ಅರ್ಜಿ ಕೊಡಿ. ಸುಸ್ತಿಯಾಗುವವರೆಗೆ ಕಾಯಬೇಡಿ.

3. ಸುಗ್ಗಿಯ ಬೆಲೆಗೆ ಮಾರಲೇಬೇಕಾದ ಒತ್ತಡ ಇದ್ದರೆ ಹತ್ತಿರದ ಉಗ್ರಾಣದಲ್ಲಿ ಜಾಗ ಮತ್ತು ಬಾಡಿಗೆ ವಿಚಾರಿಸಿ. ರಸೀದಿಯ ಮೇಲೆ ಸಾಲ ಎಷ್ಟು ಸಿಗುತ್ತದೆಂದು ಬ್ಯಾಂಕಿನಲ್ಲಿ ಕೇಳಿ. ಬಾಡಿಗೆ, ಬಡ್ಡಿ ಎರಡನ್ನೂ ಕಳೆದು ಲಾಭ ಉಳಿಯುವುದಾದರೆ ಮಾತ್ರ ದಾಸ್ತಾನು ಮಾಡಿ.

4. ಸಂಘದ ವಾರ್ಷಿಕ ಸಭೆಗೆ ತಪ್ಪದೆ ಹೋಗಿ. ಲೆಕ್ಕಪರಿಶೋಧನೆಯ ವರದಿ ಓದಿಸಿ. ಸಾಲ ಯಾರ ಯಾರಿಗೆ ಹೋಗಿದೆ, ಸಣ್ಣ ರೈತರಿಗೆ ಎಷ್ಟು ಹೋಗಿದೆ, ಸುಸ್ತಿದಾರರು ಯಾರು ಎಂದು ಕೇಳಿ.

ಈ ನಾಲ್ಕನೆಯ ಮಾತು ಎಲ್ಲಕ್ಕಿಂತ ಮುಖ್ಯ. ಬೆನಗಲ್ ರಾಮರಾಯರ ಕಾಲದಲ್ಲಿ ರಿಸರ್ವ್ ಬ್ಯಾಂಕು ಮಾಡಿದ ದೊಡ್ಡ ಕೆಲಸವೂ ಇಷ್ಟೇ: ಹಣ ಯಾರಿಂದ ಬರುತ್ತಿದೆ, ಯಾರಿಗೆ ಹೋಗುತ್ತಿದೆ ಎಂದು ಕೇಳಿತು, ಬಂದ ಉತ್ತರವನ್ನು ಮುಚ್ಚಿಡಲಿಲ್ಲ. ಆರು ನೂರು ಹಳ್ಳಿಗಳಲ್ಲಿ ಆ ಪ್ರಶ್ನೆ ಕೇಳಿದ್ದರಿಂದ ದೇಶದ ಬ್ಯಾಂಕಿನ ಕಾನೂನೇ ಬದಲಾಯಿತು. ನಿಮ್ಮ ಒಂದು ಹಳ್ಳಿಯಲ್ಲಿ ನೀವು ಕೇಳಿದರೆ ನಿಮ್ಮ ಸಂಘವಾದರೂ ಬದಲಾಗದೆ ಇರದು.